ಆಳಂದದ ಸಂತೆ, ಕುದುರೆಯ ಹೆಗಲು

ಬಹಮನಿ ಅರಸರ ಪಾಠ ಮಾಡಿದ ಮೇಲೆ ಹುಡುಗಿಯರ ನೆನಪಿನಲ್ಲಿ ಉಳಿಯುವುದು ಎರಡೇ ಇಸವಿ. 1347ರಲ್ಲಿ ರಾಜ್ಯ ಹುಟ್ಟಿತು, 1481ರಲ್ಲಿ ಮಹಮೂದ್ ಗಾವಾನನ ತಲೆ ಹೋಯಿತು. ನಡುವಿನ ನೂರ ಮೂವತ್ತನಾಲ್ಕು ವರ್ಷ ಎಲ್ಲಿ ಹೋದವು ಎಂದರೆ ಮುಖ ಮುಖ ನೋಡುತ್ತಾರೆ. ಅವರನ್ನು ಅಂದು ಫಲವೇನು? ಯಾವ ಪುಸ್ತಕ ತೆರೆದರೂ ಅರಸ, ಮಂತ್ರಿ, ಯುದ್ಧ. ಆ ಯುದ್ಧಕ್ಕೆ ಹೋದ ಕುದುರೆ ಎಲ್ಲಿಂದ ಬಂತು, ಏನು ತಿಂದಿತು, ಚಳಿಗೆ ಏನು ಹೊದ್ದಿತು, ಅದರ ಮೈ ಕೆತ್ತಿದಾಗ ಯಾರು ನೋಡಿದರು ಎಂದು ಕೇಳಿದರೆ ಪುಸ್ತಕ ಸುಮ್ಮನಾಗುತ್ತದೆ.

ನಾನಿರುವ ಕಡಗಂಚಿ ಆಳಂದ ತಾಲೂಕಿನ ಊರು. ಕಲಬುರಗಿಯಿಂದ ಆಳಂದಕ್ಕೆ ಹೋಗುವ ಬಸ್ಸು ಇದನ್ನು ದಾಟಿಯೇ ಹೋಗಬೇಕು. 2009ರಲ್ಲಿ ಸ್ಥಾಪನೆಯಾದ ಕೇಂದ್ರೀಯ ವಿಶ್ವವಿದ್ಯಾಲಯ ಇಲ್ಲಿ ಬಂದು ನೆಲೆಸಿದ ಮೇಲೆ ದೂರದೂರದ ರಾಜ್ಯಗಳ ಮಕ್ಕಳು ನಮ್ಮೂರಿನ ಹೆಸರು ಕಲಿತಿದ್ದಾರೆ. ಇದೇನು ಹೊಸದೇ ಎಂದು ನನಗೆ ಅನ್ನಿಸುತ್ತದೆ. ಐದೂವರೆ ಶತಮಾನದ ಹಿಂದೆಯೇ ನಮ್ಮ ಆಳಂದದ ಹೆಸರು ರಷ್ಯಾ ದೇಶದ ಕಾಗದದ ಮೇಲೆ ಬಿದ್ದಿತ್ತು. ಬಿದ್ದದ್ದು ಕುದುರೆಯ ನೆಪದಲ್ಲಿ.

ಅಫನಾಸಿ ನಿಕಿತಿನ್ ಎಂಬಾತ ರಷ್ಯಾದ ತ್ವೇರ್ ಪಟ್ಟಣದ ವ್ಯಾಪಾರಿ. ವೋಲ್ಗಾ ನದಿಯಲ್ಲಿ ಇಳಿದು ಬರುವಾಗ ದರೋಡೆಗೆ ಸಿಕ್ಕು ಸರಕು ಕಳೆದುಕೊಂಡ. ಬರಿಗೈಯಲ್ಲಿ ಊರಿಗೆ ಹೇಗೆ ಹೋಗುವುದೆಂದು ಮುಂದೆ ಮುಂದೆ ನಡೆದು ಪರ್ಷಿಯಾ ದಾಟಿ ಹರ್ಮುಜ್ ಬಂದರಿಗೆ ಬಂದ. ಅಲ್ಲಿ ಅವನ ಕೈಗೆ ಒಂದು ಗಂಡು ಕುದುರೆ ಬಂತು. ಹಿಂದೂಸ್ತಾನದಲ್ಲಿ ಕುದುರೆಗೆ ಒಳ್ಳೆಯ ಬೆಲೆ ಎಂದು ಯಾರೋ ಹೇಳಿದ್ದರು. ಹಡಗಿನಲ್ಲಿ ಆರು ವಾರ ಕಳೆದು, ಈಗಿನ ಮಹಾರಾಷ್ಟ್ರದ ಚೌಲ್ ಬಂದರಿನಲ್ಲಿ ಇಳಿದು, ಘಟ್ಟ ಹತ್ತಿ ಜುನ್ನರಕ್ಕೆ ಬಂದ. ಇದೆಲ್ಲ ನಡೆದದ್ದು 1470ರ ಆಸುಪಾಸಿನಲ್ಲಿ. ಮಳೆಗಾಲ ಹಿಡಿದು ಕೆಸರಿನಲ್ಲಿ ದಾರಿ ನಿಂತುಹೋಯಿತು. ಜುನ್ನರದ ಅಧಿಕಾರಿ ಅಸದ್ ಖಾನ್ ಕುದುರೆಯನ್ನು ಕಸಿದುಕೊಂಡು, ನಮ್ಮ ಮತಕ್ಕೆ ಬಂದರೆ ಕುದುರೆಯನ್ನೂ ಸಾವಿರ ಹೊನ್ನನ್ನೂ ಕೊಡುತ್ತೇನೆ, ಇಲ್ಲದಿದ್ದರೆ ಕುದುರೆಯೂ ಹೋಯಿತು, ಮೇಲೆ ಸಾವಿರ ಹೊನ್ನು ದಂಡವೂ ಬಿತ್ತು ಅಂದ. ನಾಲ್ಕು ದಿನದ ಗಡುವು. ಖುರಾಸಾನದ ಖ್ವಾಜಾ ಮಹಮ್ಮದ್ ಎಂಬ ಹಿರಿಯರು ನಡುವೆ ಬಂದು ಮಾತಾಡಿದ್ದರಿಂದ ಮತವೂ ಉಳಿಯಿತು, ಕುದುರೆಯೂ ತಿರುಗಿ ಬಂತು. 1957ರಲ್ಲಿ ಕೆ.ಎ. ಅಬ್ಬಾಸರು ರಷ್ಯಾದವರ ಜೊತೆ ಸೇರಿ ತೆಗೆದ ‘ಪರದೇಸಿ’ ಸಿನಿಮಾ ಇವನ ಕಥೆಯೇ. ಅದರಲ್ಲಿ ನರ್ಗಿಸ್ ಇದ್ದಾರೆ ಎಂದರೆ ನನ್ನ ವಯಸ್ಸಿನವರಿಗೆ ತಟ್ಟನೆ ನೆನಪಾದೀತು.

ಈ ನಿಕಿತಿನ್ ಬೀದರಿನಲ್ಲಿ ಕೂತು ಬರೆದ ಟಿಪ್ಪಣಿಯಲ್ಲಿ ಆಳಂದ ಬರುತ್ತದೆ. ಶೇಖ್ ಅಲಾವುದ್ದೀನರ ಹೆಸರಿನಲ್ಲಿ ವರ್ಷಕ್ಕೊಮ್ಮೆ ಹತ್ತು ದಿನ ಅಲ್ಲಿ ಸಂತೆ ಕೂಡುತ್ತದೆ, ಹಿಂದೂಸ್ತಾನದ ಮೂಲೆ ಮೂಲೆಯಿಂದ ಜನ ಬರುತ್ತಾರೆ, ಇಪ್ಪತ್ತು ಸಾವಿರದವರೆಗೆ ಕುದುರೆಗಳು ಮಾರಾಟಕ್ಕೆ ಬರುತ್ತವೆ, ಇಂಥ ಸಂತೆ ಈ ನಾಡಿನಲ್ಲಿ ಇನ್ನೊಂದಿಲ್ಲ ಎಂದಿದ್ದಾನೆ. ಆ ಶೇಖರು ಬೇರೆ ಯಾರೂ ಅಲ್ಲ, ನಾವು ಲಾಡ್ಲೆ ಮಶಾಯಕರೆಂದು ಕರೆಯುವ ಆಳಂದದ ದರ್ಗಾದ ಶರಣರೇ. ಉರುಸಿಗೆ ಇವತ್ತಿಗೂ ಎಲ್ಲ ಜಾತಿಯವರೂ ಹೋಗುತ್ತಾರೆ. ಇಪ್ಪತ್ತು ಸಾವಿರ ಎಂಬುದು ಎಣಿಸಿ ಬರೆದ ಲೆಕ್ಕವಲ್ಲದಿರಬಹುದು. ಆದರೆ ಕಣ್ಣು ಹಾಯುವ ತನಕ ಕುದುರೆ ಕಂಡವನ ಮಾತು ಅದು. ಅದೇ ಟಿಪ್ಪಣಿಯಲ್ಲಿ ಆಳಂದದ ಗೂಗೆಯ ಸುದ್ದಿಯೂ ಇದೆ. ರಾತ್ರಿ ಹಾರಾಡಿ ಕೂಗುತ್ತದೆ, ಯಾರ ಮನೆಯ ಮೇಲೆ ಕೂತರೆ ಆ ಮನೆಯಲ್ಲಿ ಸಾವು ಎಂದು ಇಲ್ಲಿನವರು ಹೇಳುತ್ತಾರಂತೆ. ಇದನ್ನು ತರಗತಿಯಲ್ಲಿ ಹೇಳಿದಾಗ ಹುಡುಗಿಯರು, ‘ನಮ್ಮ ಅಮ್ಮನೂ ಹಿಂಗೇ ಅಂತಾಳ್ರಿ ಟೀಚರ್’ ಎಂದು ಕೂಗಿದರು. ಅವತ್ತಿನಿಂದ ನಿಕಿತಿನ್ ಅವರಿಗೆ ನೆಂಟನಾಗಿಬಿಟ್ಟ.

ಅವನ ಖರ್ಚಿನ ಲೆಕ್ಕ ನೋಡಿ. ಕುದುರೆಯನ್ನು ಜುನ್ನರಕ್ಕೆ ತರುವಷ್ಟರಲ್ಲಿ ನೂರು ರೂಬಲ್ ಆಯಿತಂತೆ. ಒಂದು ವರ್ಷ ಸಾಕಿ, ಬೀದರಿನಲ್ಲಿ ಮಾರಿದ. ಸಾಕಿದ್ದಕ್ಕೆ ಅರವತ್ತೆಂಟು ನಾಣ್ಯ ಖರ್ಚಾಯಿತೆಂದು ಬರೆದಿಟ್ಟಿದ್ದಾನೆ. ಇಲ್ಲಿ ಕುದುರೆಗೆ ಕಡಲೆ ತಿನ್ನಿಸುತ್ತಾರೆ, ಸಕ್ಕರೆ ಎಣ್ಣೆ ಹಾಕಿ ಕಿಚಡಿ ಬೇಯಿಸಿ ಕೊಡುತ್ತಾರೆ ಎಂದು ಬೆರಗಾಗಿದ್ದಾನೆ. ನಾವು ಮಕ್ಕಳಿಗೆ ಜ್ವರ ಬಿಟ್ಟಾಗ ಮಾಡುವ ಕಿಚಡಿ ಅವನಿಗೆ ಮೊದಲು ಕಂಡದ್ದು ಕುದುರೆಯ ತಟ್ಟೆಯಲ್ಲಿ!

ಇಷ್ಟು ಉಪಚಾರ ಯಾಕೆಂದರೆ ಕುದುರೆ ಸಾಯುತ್ತಿತ್ತು. ಅವನಿಗಿಂತ ಸುಮಾರು ಇನ್ನೂರು ವರ್ಷ ಮೊದಲು ಬಂದ ಮಾರ್ಕೋ ಪೋಲೋ ತಮಿಳು ನಾಡಿನ ಅರಸರ ಬಗ್ಗೆ ಬರೆಯುತ್ತ, ವರ್ಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಕುದುರೆ ಕೊಳ್ಳುತ್ತಾರೆ, ವರ್ಷ ತುಂಬುವಷ್ಟರಲ್ಲಿ ನೂರೂ ಉಳಿಯುವುದಿಲ್ಲ, ಸಾಕುವ ರೀತಿ ತಿಳಿಯದು ಎಂದಿದ್ದಾನೆ. ಮಾರುವ ವ್ಯಾಪಾರಿಗಳು ಕುದುರೆ ವೈದ್ಯರನ್ನು ಈ ಕಡೆ ಬರಗೊಡುವುದಿಲ್ಲವೆಂದೂ ಸೇರಿಸಿದ್ದಾನೆ. ಹೆಚ್ಚು ಸತ್ತರೆ ಹೆಚ್ಚು ಮಾರಾಟ! ವಿಜಯನಗರದ ಸಾಳುವ ನರಸಿಂಹನಂತೂ ಸಮುದ್ರದಲ್ಲಿ ಸತ್ತ ಕುದುರೆಯ ಬಾಲ ತಂದು ತೋರಿಸಿದರೆ ಸಾಕು, ಜೀವಂತ ಕುದುರೆಯ ಬೆಲೆಯನ್ನೇ ಕೊಡುತ್ತಿದ್ದ ಎಂದು ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಬರೆದಿದ್ದಾನೆ. ಹೊನ್ನು ಸುರಿದು ತರಿಸುವವರು ಅರಸರು. ತಂದದ್ದನ್ನು ಉಳಿಸುವುದು ಬೇರೆಯೇ ಕೆಲಸ. ಅದನ್ನು ಮಾಡಿದವರ ಹೆಸರು ಯಾವ ಶಾಸನದಲ್ಲೂ ನನಗೆ ಸಿಕ್ಕಿಲ್ಲ.

ಹಾಗೆಂದು ನಮ್ಮ ನಾಡಿನಲ್ಲಿ ವಿದ್ಯೆಯೇ ಇರಲಿಲ್ಲವೆಂದಲ್ಲ. ನಮ್ಮ ನೆರೆಯ ಕಲ್ಯಾಣದಲ್ಲಿ ಆಳಿದ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ಬರೆಸಿದ ‘ಮಾನಸೋಲ್ಲಾಸ’ದಲ್ಲಿ ಕುದುರೆಯ ಬಣ್ಣ, ಸುಳಿ, ನಡಿಗೆ ಎಲ್ಲ ಬಂದಿವೆ. ಅದೇ ಮನೆತನದ ಕೀರ್ತಿವರ್ಮ ದನಗಳ ಔಷಧಿಗಾಗಿ ಕನ್ನಡದಲ್ಲಿಯೇ ‘ಗೋವೈದ್ಯ’ ಬರೆದ. ಮುಂದೆ 1400ರ ಸುಮಾರಿಗೆ ಅಭಿನವಚಂದ್ರ ಕುದುರೆ ವೈದ್ಯವನ್ನು ಕನ್ನಡಕ್ಕೆ ತಂದ. ಶಾಲಿಹೋತ್ರ ಮುನಿಯ ಹೆಸರಿನ ಸಂಸ್ಕೃತದ ಅಶ್ವಶಾಸ್ತ್ರ ಬಹಮನಿ ಅಹಮದ್ ಶಾನ ಆಶ್ರಯದಲ್ಲಿ ಫಾರ್ಸಿಗೆ ಹೋಯಿತು. ದಂಡಿನ ಕುದುರೆ ವೈದ್ಯನನ್ನು ಹಳಬರು ‘ಸಾಲೋತ್ರಿ’ ಎನ್ನುತ್ತಿದ್ದರಲ್ಲ, ಅದು ಆ ಮುನಿಯ ಹೆಸರೇ, ಬಾಯಿಂದ ಬಾಯಿಗೆ ಸವೆದು ಬಂದದ್ದು.

ಇನ್ನು ಕುದುರೆಯ ಬಟ್ಟೆಯ ಮಾತು. ನಮ್ಮ ಭಾಷೆಯಲ್ಲಿ ಇದಕ್ಕೆ ಎಷ್ಟು ಶಬ್ದಗಳು! ಹಳಬರ ಹಲ್ಲಣ, ಈಚಿನವರ ಜೀನು, ಅದರ ಕೆಳಗಿನ ಮೆತ್ತೆಗೆ ತಡಿ, ಉಣ್ಣೆ ಬಡಿದು ಮಾಡಿದ ನಮ್ದಾ, ಮೇಲೆ ಹೊದಿಸುವ ಝೂಲ. ಈ ನಮ್ದಾ ಶಬ್ದವನ್ನು ಇಂಗ್ಲಿಷರು ‘ನಮ್ನಾ’ ಎಂದು ತಿರುಚಿ ತಮ್ಮ ದೇಶಕ್ಕೂ ಒಯ್ದರು. ಕೃಷ್ಣದೇವರಾಯನ ಕಾಲದ ಮಹಾನವಮಿ ಕಂಡ ಪೇಸ್, ಮೈತುಂಬ ಮಖಮಲ್ಲು, ಜರತಾರಿ ಹೊದ್ದ ಕುದುರೆಗಳನ್ನು ನೋಡಿ ಹಾಡಿ ಹೊಗಳಿದ್ದಾನೆ. ಬೀದರಿನ ಸುಲ್ತಾನ ಹಬ್ಬಕ್ಕೆ ಹೊರಟಾಗ ಚಿನ್ನದ ಸಾಜಿನ ಸಾವಿರ ಕುದುರೆ ಇದ್ದವೆಂದು ನಿಕಿತಿನ್ ಹೇಳುತ್ತಾನೆ. ಹಂಪಿಯ ಹಜಾರರಾಮ ಗುಡಿಯ ಪೌಳಿಗೋಡೆಯ ಮೇಲೆ ಕುದುರೆಯ ಸಾಲುಗಳನ್ನು ನೀವೂ ನೋಡಿರುತ್ತೀರಿ. ಪ್ರವಾಸಕ್ಕೆ ಹೋದ ಮಕ್ಕಳು ಸವಾರನನ್ನು ನೋಡುತ್ತಾರೆ. ನನ್ನ ಕಣ್ಣು ಹೋಗುವುದು ಪಕ್ಕದಲ್ಲಿ ಲಗಾಮು ಹಿಡಿದು ನಡೆಯುವವನ ಕಡೆಗೆ.

ಹೊರಗೆ ಜರಿ ಮಿನುಗುವ ಬಟ್ಟೆ ಒಳಗೆ ಏನು ಮಾಡುತ್ತದೆ ಎಂಬುದನ್ನು ಹೆಂಗಸರಿಗೆ ಬಿಡಿಸಿ ಹೇಳಬೇಕಿಲ್ಲ. ಮದುವೆಯ ಮನೆಯಲ್ಲಿ ಜರಿಯ ರವಿಕೆ ಕಂಕುಳಲ್ಲಿ ಕೆತ್ತಿದ್ದು, ಹೊಸ ಚಪ್ಪಲಿ ಹಿಮ್ಮಡಿ ಕಚ್ಚಿದ್ದು, ಲಂಗದ ಲಾಡಿ ವರ್ಷಗಟ್ಟಲೆ ಒಂದೇ ಜಾಗದಲ್ಲಿ ಬಿಗಿದು ಸೊಂಟದ ಸುತ್ತ ಕಪ್ಪು ಗೆರೆ ಉಳಿದದ್ದು ನಮ್ಮ ಮೈಗೇ ಗೊತ್ತು. ಕುದುರೆಗೂ ಹಾಗೆಯೇ. ಹೊದಿಕೆಯ ಭಾರವೆಲ್ಲ ಹೆಗಲಿನ ಮುಂಭಾಗದಲ್ಲಿ ಜೋತುಬೀಳುತ್ತದೆ. ಮೇವಿಗೆ ಕತ್ತು ಬಗ್ಗಿಸಿದಾಗೊಮ್ಮೆ ಎದೆಯ ಕಟ್ಟು ಬಿಗಿಯುತ್ತದೆ. ಕಾಲು ಎತ್ತಿಟ್ಟಾಗೊಮ್ಮೆ ಹೆಗಲ ಎಲುಬು ಬಟ್ಟೆಗೆ ಉಜ್ಜುತ್ತದೆ. ಮೊದಲು ಕೂದಲಿನ ಹೊಳಪು ಹೋಗುತ್ತದೆ, ಆಮೇಲೆ ಕೂದಲು ಮುರಿದು ಮೊಂಡಾಗುತ್ತದೆ, ಆಮೇಲೆ ಬೋಳು ಚರ್ಮ, ಅಲ್ಲಿಗೂ ಬಿಡದಿದ್ದರೆ ಹುಣ್ಣು. ಹೆಗಲು, ಎದೆ, ಕತ್ತು ಮುಗಿದು ಬೆನ್ನು ಸುರುವಾಗುವ ಏರು, ಈ ಮೂರು ಜಾಗದಲ್ಲಿಯೇ ಹೆಚ್ಚು. ಒತ್ತು ಆಳಕ್ಕೆ ಇಳಿದು ಕೂದಲಿನ ಬುಡಕ್ಕೇ ಪೆಟ್ಟಾದರೆ ಅಲ್ಲಿ ಮತ್ತೆ ಬರುವ ಕೂದಲು ಬಿಳಿ. ಕಂದು ಕುದುರೆಯ ಹೆಗಲ ಮೇಲೆ ರೂಪಾಯಿಯಗಲ ಬಿಳಿ ಮಚ್ಚೆ ಕಂಡರೆ ಅದು ಹುಟ್ಟು ಗುರುತೇ ಆಗಿರಬೇಕೆಂದಿಲ್ಲ. ಯಾವುದೋ ಕಾಲದ ಒರಟುತನ ಅಲ್ಲಿ ಬರೆದಿಟ್ಟ ಚರಿತ್ರೆಯೂ ಆಗಿರಬಹುದು.

ಇದನ್ನು ನನಗೆ ತೋರಿಸಿಕೊಟ್ಟವಳು ನಮ್ಮ ಚಿಗವ್ವ. ಕಾಕಾ ಕಲಬುರಗಿ ಸ್ಟೇಷನ್ನಿನಲ್ಲಿ ಟಾಂಗಾ ಹೊಡೆಯುತ್ತಿದ್ದರು. ರೈಲು ಇಳಿದವರನ್ನು ಬಜಾರಕ್ಕೆ, ಶರಣಬಸವೇಶ್ವರ ಗುಡಿಗೆ, ಬಂದೇನವಾಜ್ ದರ್ಗಾಕ್ಕೆ ಮುಟ್ಟಿಸುವುದು. 1980ರ ಸುಮಾರಿಗೆ ಇನ್ನೂ ಆಟೋಗಳು ಇಷ್ಟು ಆಗಿರಲಿಲ್ಲ. ಮನೆಯ ಆರು ಜನರ ಹೊಟ್ಟೆ ಒಂದು ಕಂದು ಕುದುರೆಯ ನಾಲ್ಕು ಕಾಲಿನ ಮೇಲೆ ನಿಂತಿತ್ತು. ಒಂದು ಮಾಗಿಯಲ್ಲಿ ಕಾಕಾ ಎಲ್ಲಿಂದಲೋ ದಪ್ಪನೆಯ ದಂಡಿನ ಕಂಬಳಿ ತಂದು ರಾತ್ರಿ ಹೊದಿಸತೊಡಗಿದರು. ಪ್ರೀತಿಯಿಂದಲೇ ಹೊದಿಸಿದ್ದು. ವಾರವಾಗುವುದರೊಳಗೆ ಎರಡೂ ಹೆಗಲ ಕೂದಲು ಹೋಗಿ, ಬಲಗಡೆ ಚರ್ಮ ಕೆಂಪಾಯಿತು. ಅದರ ಮೇಲೆಯೇ ಗಾಡಿಯ ಪಟ್ಟಿ ಬರಬೇಕು.

ಚಿಗವ್ವ ಹಗಲು ಹೊತ್ತು ಖರಾರಾ ಮಾಡಲು ಹೋದವಳು ನೋಡಿದಳು. ‘ಇವತ್ತಿನಿಂದ ಗಾಡಿ ಕಟ್ಟೂದು ಬ್ಯಾಡ್ರಿ’ ಅಂದಳು. ಕಾಕಾ ಸಿಟ್ಟಾದರು. ಬಾಡಿಗೆ ಇಲ್ಲದಿದ್ದರೆ ಒಲೆ ಉರಿಯುವುದು ಹೇಗೆ ಎಂದರು. ಅದು ಸುಳ್ಳು ಮಾತೇನಲ್ಲ. ಚಿಗವ್ವ ದನಿ ಏರಿಸಲಿಲ್ಲ. ‘ಅದಕ್ಕ ಬಾಯಿಲ್ಲ ಅಂದ್ರ ಮೈಯೂ ಇಲ್ಲೇನ್ರಿ?’ ಅಂದಳು. ಮರುದಿನ ತನ್ನ ಕೈಯ ಪಾಟ್ಲಿ ಒಂದನ್ನು ಒತ್ತೆ ಇಟ್ಟು ಜೋಳ, ಕಡಲಿ ತರಿಸಿದಳು. ಹನ್ನೆರಡು ದಿನ ಟಾಂಗಾ ಮೂಕಿ ಕೆಳಗೆ ಮಾಡಿ ನಿಂತಿತ್ತು. ಆ ಹನ್ನೆರಡು ದಿನ ಮನೆಯಲ್ಲಿ ಯಾರೂ ಜೋರಾಗಿ ಮಾತಾಡಲಿಲ್ಲವೆಂದು ನನಗೆ ನೆನಪು.

ಅವಳು ಮಾಡಿದ ಆರೈಕೆ ಸರಳ. ಮೊದಲ ಕೆಲಸ ಕಂಬಳಿ ತೆಗೆದದ್ದು. ಒತ್ತು ತಪ್ಪದೆ ಯಾವ ಔಷಧಿಯೂ ನಾಟುವುದಿಲ್ಲ. ಉಗುರುಬೆಚ್ಚಗಿನ ಉಪ್ಪುನೀರಿನಲ್ಲಿ ಮೆತ್ತನೆಯ ಬಟ್ಟೆ ಅದ್ದಿ ಒತ್ತಿ ಒತ್ತಿ ತೊಳೆಯುತ್ತಿದ್ದಳು, ಉಜ್ಜುತ್ತಿರಲಿಲ್ಲ. ನೊಣ ಕೂರದಂತೆ ಹಗಲು ಬೇವಿನ ಸೊಪ್ಪಿನ ಹೊಗೆ. ಹಕ್ಕಳೆಯನ್ನು ಯಾರೂ ಕೀಳಬಾರದೆಂದು ನಮಗೆಲ್ಲ ಕಟ್ಟಪ್ಪಣೆ. ಚರ್ಮ ಒಡೆಯದ ಎಡಗಡೆಗೆ ಏನೂ ಹಚ್ಚಲಿಲ್ಲ. ‘ಕೂದಲಕ್ಕ ಔಷಧ ಇಲ್ಲ, ದಿನಾ ಅದಾವ’ ಅನ್ನುತ್ತಿದ್ದಳು. ಅವಳ ಮಾತು ನಿಜ. ಬರೀ ಕೂದಲು ಹೋದ ಜಾಗ ವಾರ, ತಿಂಗಳುಗಳಲ್ಲಿ ತಾನಾಗಿಯೇ ತುಂಬಿಕೊಳ್ಳುತ್ತದೆ. ಹಗಲು ಕಿರಿದಾದಂತೆ ಕುದುರೆಗೆ ಚಳಿಗಾಲದ ದಟ್ಟ ಕೂದಲು ಬರುವುದೂ, ಹಗಲು ಹಿಗ್ಗಿದಂತೆ ಉದುರುವುದೂ ಪ್ರಕೃತಿಯ ಕ್ರಮ. ಆದರೆ ಗುಂಡಗೆ ಬಿಲ್ಲೆಯಂತೆ ಕೂದಲು ಹೋಗಿ ಹೊಟ್ಟು ಏಳುತ್ತಿದ್ದರೆ ಅದು ಬಟ್ಟೆಯ ತಪ್ಪಲ್ಲ, ಹುಳುಕಡ್ಡಿಯಾಗಿರಬಹುದು. ಅದು ಕುದುರೆಯಿಂದ ಕುದುರೆಗೂ ಮನುಷ್ಯರಿಗೂ ಅಂಟುತ್ತದೆ. ಆಗ ಬ್ರಷ್ಷು, ಹೊದಿಕೆ ಬೇರೆ ಮಾಡಿ ಪಶುವೈದ್ಯರನ್ನು ಕರೆಯಬೇಕು. ಕೀವು, ಬಾವು, ಬಿಸಿ ಕಂಡರೂ ಹಾಗೆಯೇ.

ಹುಣ್ಣು ಒಣಗುತ್ತಿದ್ದಂತೆ ಚಿಗವ್ವ ಹೊಸ ಝೂಲ ಹೊಲಿಯಲು ಕೂತಳು. ನಮ್ಮ ಕಡೆ ಹೆಂಗಸರಿಗೆ ಕೌದಿ ಹೊಲಿಯುವುದು ಕೈಗೆ ಹುಟ್ಟಿನಿಂದ ಬಂದದ್ದು. ಕಾರಹುಣ್ಣಿಮೆಗೆ ಎತ್ತಿಗೆ ಝೂಲ ಹೊಲಿಯುವವರೂ ಅವರೇ. ಅವಳು ಹಗ್ಗ ಹಿಡಿದು ಎದೆಯ ನಡುವಿನಿಂದ ಪಕ್ಕೆಗುಂಟ ಪಿರ್ರೆಯ ಕೊನೆಯವರೆಗೆ ಅಳತೆ ತೆಗೆದಳು. ಹೊರಮೈಗೆ ಹಳೆಯ ಧೋತರದ ಪದರು. ಹೆಗಲಿಗೆ ತಾಗುವ ಒಳಮೈಗೆ ತನ್ನ ಸವೆದ ರೇಶ್ಮೆ ಸೀರೆಯ ಒಡಲು, ಜರಿ ಅಂಚು ಬಿಚ್ಚಿ ತೆಗೆದು. ಹೆಗಲ ನೇರಕ್ಕೆ ಎರಡು ನೆರಿಗೆ ಬಿಟ್ಟು ಕಾಲಾಡಲು ಸಡಿಲ ಮಾಡಿದಳು, ನಾವು ಪರಕರಕ್ಕೆ ನೆರಿಗೆ ಹಿಡಿದ ಹಾಗೆ. ಇಂದು ದೊಡ್ಡ ಲಾಯಗಳಲ್ಲಿ ಕುದುರೆಯ ಹೊದಿಕೆಗೆ ಹೆಗಲಲ್ಲಿ ನುಣುಪಾದ ಸ್ಯಾಟಿನ್ ಒಳಪದರು ಹಾಕುತ್ತಾರೆಂದು ಓದಿದಾಗ ನನಗೆ ಆ ರೇಶ್ಮೆ ಸೀರೆಯೇ ಕಣ್ಣಿಗೆ ಕಟ್ಟಿತು.

ಹೊದಿಸುವುದರಲ್ಲಿಯೂ ಒಂದು ಕ್ರಮ ಇತ್ತು. ಬೆವರು ಆರಿದ ಮೇಲೆ, ಮೈ ಒರೆಸಿ, ಬಟ್ಟೆಯನ್ನು ಕತ್ತಿನ ಕಡೆಗೆ ಸ್ವಲ್ಪ ಮುಂದೆ ಹಾಕಿ ಹಿಂದಕ್ಕೆ ಎಳೆಯಬೇಕು. ಆಗ ಕೂದಲು ಮಲಗುತ್ತದೆ. ಹಿಂದಿನಿಂದ ಮುಂದಕ್ಕೆ ಎಳೆದರೆ ಕೂದಲು ಎದ್ದು ನಿಂತು ಉಜ್ಜುತ್ತದೆ. ಕಟ್ಟಿದ ಮೇಲೆ ಹೆಗಲ ಹತ್ತಿರ ಅಂಗೈ ಚಪ್ಪಟೆಯಾಗಿ ಒಳಗೆ ಹೋಗಿ ಬರಬೇಕು. ಹೋಗದಿದ್ದರೆ ಬಿಗಿ. ಹಾಗೆಂದು ತೀರ ಸಡಿಲ ಬಿಟ್ಟರೆ ಹಿಂದಕ್ಕೆ ಜಾರಿ ಎದೆಯನ್ನು ಇನ್ನಷ್ಟು ಒತ್ತುತ್ತದೆ. ದಿನವೂ ತೆಗೆದು ಬಿಸಿಲಿಗೆ ಹಾಕಿ ಕೊಡವಬೇಕು. ಬೆವರು, ಧೂಳು ಗಟ್ಟಿಯಾದ ಬಟ್ಟೆ ಮರಳುಕಾಗದದಂತೆ. ತೊಳೆದಾಗ ಸೋಡಾ, ಸಾಬೂನು ಒಂದಿಷ್ಟೂ ಉಳಿಯಬಾರದು. ಎಲ್ಲಕ್ಕಿಂತ ಮೊದಲು ಹೊದಿಕೆ ನಿಜವಾಗಿ ಬೇಕೇ ಎಂದು ನೋಡಬೇಕು. ನಮ್ಮ ಬಯಲು ಸೀಮೆಯ ಚಳಿಗೆ ಗಾಳಿ ತಪ್ಪಿಸುವ ಗೋಡೆಯ ಮರೆ, ಹೊಟ್ಟೆ ತುಂಬ ಮೇವು ಇದ್ದರೆ ಗಟ್ಟಿಮುಟ್ಟಾದ ಕುದುರೆ ತನ್ನ ಕೂದಲನ್ನೇ ಹೊದ್ದು ನಿಲ್ಲುತ್ತದೆ. ಅಫಜಲಪುರ, ಜೇವರ್ಗಿಗಳ ಮಗ್ಗುಲಲ್ಲಿ ಹರಿಯುವ ಭೀಮೆಯ ಮೇಲ್ದಂಡೆಯಲ್ಲಿ ಬೆಳೆದ ಭೀಮಥಡಿ ತಟ್ಟುಗಳು ಇಂಥ ಗಟ್ಟಿ ಜಾತಿ. ಮರಾಠರ ದಂಡು ಓಡಾಡಿದ್ದು ಇವುಗಳ ಮೇಲೆಯೇ. ಈಚಿನ ವರ್ಷಗಳಲ್ಲಿ ಸರಕಾರ ಅದನ್ನು ಬೇರೆ ತಳಿಯೆಂದು ಮಾನ್ಯ ಮಾಡಿದೆ. ಹರ್ಮುಜಿನಿಂದ ಬಂದ ದುಬಾರಿ ಕುದುರೆಗಳ ನಡುವೆ ಹತ್ತಿರದ ನದೀತಡಿಯ ಕುದುರೆಯ ಹೆಸರು ಪುಸ್ತಕಕ್ಕೆ ಬರಲು ಇಷ್ಟು ಕಾಲ ಹಿಡಿಯಿತು.

ಹದಿಮೂರನೆಯ ದಿನ ಟಾಂಗಾ ಹೊರಟಿತು. ಪಾಟ್ಲಿ ಬಿಡಿಸಿಕೊಳ್ಳಲು ಎರಡು ವರ್ಷ ಹಿಡಿಯಿತು. ಕುದುರೆಯ ಬಲಹೆಗಲ ಮೇಲೆ ಹುರುಳಿಕಾಳಿನಷ್ಟು ಬಿಳಿ ಉಳಿದಿತ್ತು, ಅಷ್ಟೇ. ಮುಂದೆ ಆಟೋಗಳು ಹೆಚ್ಚಿದವು, ಟಾಂಗಾಗಳು ಒಂದೊಂದಾಗಿ ನಿಂತವು. ಕಾಕಾನ ಕುದುರೆ ಅದಕ್ಕೂ ಮೊದಲೇ ಮುದಿಯಾಗಿ ತೀರಿಕೊಂಡಿತ್ತು. ಝೂಲವನ್ನು ಚಿಗವ್ವ ಬಿಸಾಡಲಿಲ್ಲ. ಒಡೆದು ನಮ್ಮ ತಂಗಿಯ ಮಗನ ತೊಟ್ಟಿಲಿಗೆ ಕೌದಿ ಮಾಡಿದಳು.

ಇವತ್ತು ನಮ್ಮ ಪೇಟೆಗಳಲ್ಲಿ ಕುದುರೆ ಕಾಣುವುದು ಮದುವೆಯ ಮೆರವಣಿಗೆಯಲ್ಲಿ. ಬಿಳಿ ಕುದುರೆ, ಮೈತುಂಬ ಕನ್ನಡಿ, ಕುಂದಣ, ಜರಿ. ಕೆಳಗೆ ಏನಿದೆಯೋ ಯಾರಿಗೂ ಕಾಣದು. ಹುಣ್ಣಾದ, ಗಾಯವಾದ ಪ್ರಾಣಿಯಿಂದ ಕೆಲಸ ತೆಗೆಯುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯಲ್ಲಿ ಅಪರಾಧ. ಕಾಯಿದೆ ಇದ್ದರೂ ಬ್ಯಾಂಡಿನ ಗದ್ದಲದಲ್ಲಿ ಅದನ್ನು ಓದುವವರು ಯಾರು? ಕುದುರೆಯವನನ್ನು ಬೈದು ಕಳಿಸಿದರೂ ಕೆಲಸವಾಗದು. ಅವನ ಮನೆಯ ಒಲೆಯೂ ಆ ನಾಲ್ಕು ಕಾಲಿನ ಮೇಲೆಯೇ ನಿಂತಿರುತ್ತದೆ. ಕುದುರೆ ಗೊತ್ತು ಮಾಡುವಾಗಲೇ, ಹಾರಕ್ಕೂ ಹಲಗೆಗೂ ಚೌಕಾಸಿ ಮಾಡದ ನಾವು, ಮನೆಯ ಹಿರಿಯ ಹೆಂಗಸೊಬ್ಬಳನ್ನು ಹಗಲು ಹೊತ್ತು ಕಳಿಸಿ ಝೂಲ ಎತ್ತಿ ಹೆಗಲು, ಎದೆ, ಬೆನ್ನಿನ ಏರು ನೋಡಿಸಬಹುದು. ಚೆನ್ನಾಗಿ ಸಾಕಿದವನು ಹೆಮ್ಮೆಯಿಂದ ತೋರಿಸುತ್ತಾನೆ. ಅವನಿಗೆ ನಾಲ್ಕು ಕಾಸು ಹೆಚ್ಚು ಕೊಟ್ಟರೆ ನಷ್ಟವಿಲ್ಲ. ಹುಣ್ಣಿದ್ದರೆ, ಈ ಸಲ ಬೇಡ, ಅದಕ್ಕೆ ವಿಶ್ರಾಂತಿ ಕೊಡು, ಮುಂದಿನ ಮದುವೆಗೆ ನಿನ್ನನ್ನೇ ಕರೆಯುತ್ತೇವೆ ಎಂದು ಮಾತು ಕೊಟ್ಟು ಮುಂಗಡದ ಒಂದು ಭಾಗ ಅವನ ಕೈಯಲ್ಲೇ ಬಿಡಬಹುದು.

ನಿಕಿತಿನ್ ತನ್ನೂರು ಮುಟ್ಟಲಿಲ್ಲ, ದಾರಿಯಲ್ಲಿಯೇ ತೀರಿಕೊಂಡ. ಅವನ ಕಾಗದಗಳು ಮಾತ್ರ ತಾಯ್ನಾಡು ಸೇರಿದವು. ಅವುಗಳಲ್ಲಿ ಆ ಅರವತ್ತೆಂಟು ನಾಣ್ಯದ ಲೆಕ್ಕ ಇದೆ, ಕಡಲೆ ಇದೆ, ಕಿಚಡಿ ಇದೆ. ಕಿಚಡಿ ಕಲಸಿದವರ, ಮೈ ಒರೆಸಿದವರ, ರಾತ್ರಿ ಎದ್ದು ಹೊದಿಕೆ ಸರಿಮಾಡಿದವರ ಲೆಕ್ಕ ಅದರಲ್ಲಿ ಇಲ್ಲ. ಆಳಂದದ ಬಯಲಿನಲ್ಲಿ ಅಷ್ಟು ಕುದುರೆ ಹತ್ತು ದಿನ ನಿಲ್ಲಬೇಕಾದರೆ ಅಂಥ ಕೈಗಳು ಎಷ್ಟು ಇದ್ದಿರಬೇಕು! ಈಗ ಆ ಪಾಠ ಮಾಡುವಾಗ ನಾನು ಹುಡುಗಿಯರಿಗೆ ಇಸವಿಗಿಂತ ಮೊದಲು ಇದನ್ನು ಕೇಳುತ್ತೇನೆ. ಲೆಕ್ಕ ಹಾಕಲು ಅವರು ಬೆರಳು ಮಡಚತೊಡಗುತ್ತಾರೆ.